ರಟ್ಟೆಯೊಳಗಿನ ಎಳೆಗಳು

ನಾವು ಕೊಂಕಲ್ ಕಡೆಯವರು. ಯಾದಗಿರಿ, ಶಹಾಪುರ, ಸುರಪುರ ನಮ್ಮ ಸುತ್ತಿನ ಊರುಗಳು. ನಮ್ಮದು ರಟ್ಟೆ ಮುರಿದು ದುಡಿಯುವ ಬಾಳು. ಗಳೆ ಹೊಡೀತೀವಿ. ಹತ್ತಿ ಬಿಡಿಸ್ತೀವಿ. ಜೋಳದ ಚೀಲ ಎತ್ತತೀವಿ. ರೊಟ್ಟಿ ಬಡೀತೀವಿ. ಕುರಿ ಹಿಂದೆ ದಿನವೆಲ್ಲ ನಡೀತೀವಿ. ಇಷ್ಟೆಲ್ಲ ಮಾಡುವ ಬಲ ಎಲ್ಲಿಂದ ಬರ್ತದ?

'ರಟ್ಟಿಯಿಂದ' ಅಂತೀರಿ. ಸರಿ. ರಟ್ಟೆಯೊಳಗೆ ಏನದ? ಮಾಂಸ ಅದ. ಮೈಯನ್ನು ಆಡಿಸುವ ಈ ಮಾಂಸಕ್ಕೆ ಸ್ನಾಯು ಎಂದು ಹೆಸರು. ನಮ್ಮ ದೇಹದಲ್ಲಿ 600ಕ್ಕಿಂತ ಹೆಚ್ಚು ಸ್ನಾಯುಗಳಿವೆ. ಕೈ ಎತ್ತುವುದು, ಅಗಿಯುವುದು, ಕಣ್ಣು ಹೊರಳಿಸುವುದು, ಎಲ್ಲವೂ ಅವುಗಳ ಕೆಲಸ.

ಹಾಗಾದರೆ ಸ್ನಾಯುವಿನ ಒಳಗೆ ಏನಿದೆ? ಇದನ್ನು ಮೊದಮೊದಲು ಹತ್ತಿರದಿಂದ ನೋಡಿದವರಲ್ಲಿ ಒಬ್ಬ ಬಟ್ಟೆ ವ್ಯಾಪಾರಿ. ಆತನ ಕತೆ ಓದೋಣ.

ಬಟ್ಟೆ ಅಂಗಡಿಯವನ ಕನ್ನಡಿ

ಯುರೋಪಿನಲ್ಲಿ ಹಾಲೆಂಡ್ ಎಂಬ ದೇಶವಿದೆ. ಅಲ್ಲಿ ಡೆಲ್ಫ್ಟ್ ಎಂಬ ಊರು. 1632ರಲ್ಲಿ ಆ ಊರಿನಲ್ಲಿ ಆಂಟನಿ ವಾನ್ ಲೀವನ್‌ಹುಕ್ ಹುಟ್ಟಿದ. ತಂದೆ ಬುಟ್ಟಿ ಹೆಣೆಯುವವನು. ಮಗ ದೊಡ್ಡವನಾಗಿ ಬಟ್ಟೆ ಅಂಗಡಿ ಇಟ್ಟ. ದೊಡ್ಡ ಓದು ಓದಲಿಲ್ಲ. ಆ ಕಾಲದ ವಿದ್ವಾಂಸರು ಲ್ಯಾಟಿನ್ ಭಾಷೆಯಲ್ಲಿ ಬರೆಯುತ್ತಿದ್ದರು. ಆತನಿಗೆ ಅದು ಬರುತ್ತಿರಲಿಲ್ಲ. ತನ್ನ ಮನೆಮಾತು ಡಚ್ ಮಾತ್ರ ಗೊತ್ತಿತ್ತು.

ಬಟ್ಟೆಯ ನೂಲು ಚೆನ್ನಾಗಿದೆಯೋ ಇಲ್ಲವೋ ನೋಡಲು ಆಗಿನ ವ್ಯಾಪಾರಿಗಳು ಭೂತಗನ್ನಡಿ ಬಳಸುತ್ತಿದ್ದರು. ಲೀವನ್‌ಹುಕ್ ಅದಕ್ಕಿಂತ ಬಲವಾದ ಕನ್ನಡಿಯನ್ನು ತಾನೇ ಮಾಡಿಕೊಂಡ. ಜೋಳದ ಕಾಳಿಗಿಂತ ಸಣ್ಣ ಗಾಜು. ಅದನ್ನು ಎರಡು ತಗಡಿನ ನಡುವೆ ಕೂಡಿಸಿದ. ಮುಂದೆ ಒಂದು ಮೊನೆ ಇಟ್ಟ. ನೋಡಬೇಕಾದ ವಸ್ತುವನ್ನು ಆ ಮೊನೆಗೆ ಸಿಕ್ಕಿಸಿ, ಬೆಳಕಿಗೆ ಹಿಡಿದು, ಕಣ್ಣಿಗೆ ಒತ್ತಿ ನೋಡುತ್ತಿದ್ದ. ಇದೇ ಆತನ ಸೂಕ್ಷ್ಮದರ್ಶಕ. ಆತ ಮಾಡಿದವುಗಳಲ್ಲಿ ಕೆಲವು ಇಂದಿಗೂ ಉಳಿದಿವೆ. ಅವುಗಳಲ್ಲಿ ಒಂದು, ವಸ್ತುವನ್ನು ಸುಮಾರು 270 ಪಟ್ಟು ದೊಡ್ಡದಾಗಿ ತೋರಿಸುತ್ತದೆ.

ಆತ ಕಂಡದ್ದೇನು?

ಬೆಂದ ಮಾಂಸವನ್ನು ಬಿಡಿಸಿದರೆ ಎಳೆಎಳೆಯಾಗಿ ಬರ್ತದ. ಅಡಿಗೆ ಮಾಡುವವರಿಗೆ ಇದು ಗೊತ್ತು. ಲೀವನ್‌ಹುಕ್ ದನದ ಸ್ನಾಯುವಿನ ಸಣ್ಣ ಚೂರನ್ನು ಕನ್ನಡಿಯ ಮುಂದಿಟ್ಟ. ಅದರಲ್ಲಿ ಇನ್ನೂ ತೆಳುವಾದ ಎಳೆಗಳು ಕಂಡವು. ಹಂಜಿಯಿಂದ ತೆಗೆದ ನೂಲಿನ ಹಾಗೆ ಒತ್ತೊತ್ತಾಗಿ ಮಲಗಿದ್ದವು. ಒಂದೊಂದು ಎಳೆ ನಮ್ಮ ತಲೆಗೂದಲಿನಷ್ಟು, ಇಲ್ಲವೆ ಅದಕ್ಕಿಂತ ತೆಳು. ಇದನ್ನು ಆತ 1674ರಲ್ಲಿ ಪತ್ರ ಬರೆದು ತಿಳಿಸಿದ.

1682ರಲ್ಲಿ ಇನ್ನೊಂದು ಸಂಗತಿ ಬರೆದ. ಆ ಎಳೆಗಳ ಮೇಲೆ ಅಡ್ಡಡ್ಡ ಗೆರೆಗಳಿವೆ! ಜಮಖಾನದ ಪಟ್ಟೆ ನೋಡೀರಲ್ಲ? ಒಂದು ಕಪ್ಪು, ಒಂದು ಬಿಳುಪು, ಮತ್ತೆ ಕಪ್ಪು. ಎಳೆಯ ಮೇಲೂ ಹಾಗೇ. ಈ ಪಟ್ಟೆಗಳು ಬಹಳ ಸಣ್ಣವು. ಒಂದು ಮಿಲಿಮೀಟರ್ ಉದ್ದದೊಳಗೆ ಸುಮಾರು 400 ಜೊತೆ ಹಿಡಿಯುತ್ತವೆ.

ಲೀವನ್‌ಹುಕ್ 80 ವರ್ಷ ದಾಟಿದ ಮೇಲೂ ನೋಡುವುದನ್ನು ಬಿಡಲಿಲ್ಲ. ತಿಮಿಂಗಿಲದ ಸ್ನಾಯು ನೋಡಿದ. ಇಲಿಯ ಸ್ನಾಯು ನೋಡಿದ. ಪ್ರಾಣಿ ದೊಡ್ಡದಿರಲಿ, ಸಣ್ಣದಿರಲಿ, ಒಳಗೆ ಎಳೆಗಳೇ.

ಪತ್ರಗಳನ್ನು ಆತ ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿದ್ವಾಂಸರ ಸಂಘಕ್ಕೆ ಬರೆಯುತ್ತಿದ್ದ. ಬರೆದದ್ದು ತನ್ನ ಮನೆಮಾತಿನಲ್ಲೇ. ಸಂಘದವರು ಅದನ್ನು ಬೇರೆ ಭಾಷೆಗೆ ಮಾಡಿಸಿ ಓದಿಕೊಂಡರು. 1680ರಲ್ಲಿ ಆತನನ್ನೂ ತಮ್ಮ ಸದಸ್ಯ ಮಾಡಿಕೊಂಡರು. 1673ರಿಂದ 1723ರಲ್ಲಿ ಸಾಯುವತನಕ, 50 ವರ್ಷ ಆತ ಬರೆಯುತ್ತಲೇ ಇದ್ದ.

ರಟ್ಟೆ ಉಬ್ಬುವುದು ಯಾಕೆ?

ಕೈ ಮಡಚಿದರೆ ರಟ್ಟೆ ಉಬ್ಬುತ್ತದೆ. ಒಳಗೆ ಏನೋ ಬಂದು ತುಂಬುತ್ತದೆ ಎಂದು ಹಿಂದಿನವರು ನಂಬಿದ್ದರು. ಹಾಲೆಂಡಿನವನೇ ಆದ ಯಾನ್ ಸ್ವಾಮರ್‌ಡಾಮ್ 1660ರ ದಶಕದಲ್ಲಿ ಇದನ್ನು ಪರೀಕ್ಷೆ ಮಾಡಿದ. ಕಪ್ಪೆಯ ಸ್ನಾಯುವನ್ನು ಗಾಜಿನ ಕೊಳವೆಯೊಳಗೆ ಇಟ್ಟ. ಕೊಳವೆಯ ಸಣ್ಣ ಬಾಯಿಯಲ್ಲಿ ಒಂದು ಹನಿ ನೀರು ಇಟ್ಟ. ಸ್ನಾಯು ಹಿಗ್ಗಿದರೆ ಹನಿ ಮೇಲೇರಬೇಕು. ಸ್ನಾಯು ಬಿಗಿಯಿತು. ಹನಿ ಮೇಲೇರಲಿಲ್ಲ. ಅಂದ್ರೆ ಹೊರಗಿನಿಂದ ಏನೂ ಬಂದು ತುಂಬಲಿಲ್ಲ. ಸ್ನಾಯು ಉದ್ದದಲ್ಲಿ ಗಿಡ್ಡ ಆಗುತ್ತದೆ, ಅದಕ್ಕೇ ದಪ್ಪ ಕಾಣುತ್ತದೆ.

1840ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಬೌಮನ್ ಹಲವು ಪ್ರಾಣಿಗಳ ಸ್ನಾಯು ನೋಡಿ ಪಟ್ಟೆಗಳ ಚಿತ್ರ ಬರೆದ. ಆದರೆ ಪಟ್ಟೆಗಳ ಗುಟ್ಟು ತಿಳಿದದ್ದು 1954ರಲ್ಲಿ. ಇಂಗ್ಲೆಂಡಿನ ಆಂಡ್ರೂ ಹಕ್ಸ್‌ಲಿ ಮತ್ತು ಜರ್ಮನಿಯ ನೀಡರ್‌ಗೆರ್ಕೆ ಕಪ್ಪೆಯ ಸ್ನಾಯು ನೋಡಿದರು. ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಎಂಬ ಮಹಿಳೆ ಮೊಲದ ಸ್ನಾಯು ನೋಡಿದರು. ಇಬ್ಬರಿಬ್ಬರು ಬೇರೆ ಬೇರೆ ನೋಡಿದರೂ ಒಂದೇ ಉತ್ತರ ಕಂಡರು.

ಆ ಉತ್ತರ ನಿಮ್ಮ ಕೈಯಲ್ಲೇ ಅದ. ಮಾಡಿ ನೋಡ್ರಿ. ಎರಡೂ ಕೈಯ ಬೆರಳ ತುದಿಗಳನ್ನು ಒಂದರ ಸಂದಿಗೆ ಒಂದು ಸೇರಿಸ್ರಿ. ಈಗ ಒಳಕ್ಕೆ ದೂಡ್ರಿ. ಬೆರಳು ಗಿಡ್ಡ ಆದವೇನು? ಇಲ್ಲ. ಆದರೆ ಅಂಗೈಗಳು ಹತ್ತಿರ ಬಂದವು. ಸ್ನಾಯುವಿನ ಎಳೆಯೊಳಗೂ ದಪ್ಪ ತಂತು, ತೆಳು ತಂತು ಇವೆ. ಅವು ಹೀಗೇ ಒಂದರ ಸಂದಿಗೆ ಒಂದು ಜಾರುತ್ತವೆ. ನೀವು ಚೀಲ ಎತ್ತುವಾಗ ಒಳಗೆ ನಡೆಯುವುದು ಇದೇ.

ಇದರಿಂದ ನಮಗೇನು?

ಕೆಲವು ಮಕ್ಕಳು, ಹೆಚ್ಚಾಗಿ ಗಂಡು ಮಕ್ಕಳು, ಮೂರು ನಾಲ್ಕು ವರ್ಷದಲ್ಲಿ ಪದೇ ಪದೇ ಬೀಳುತ್ತಾರೆ. ಕುಳಿತವರು ಏಳುವಾಗ ತೊಡೆಯ ಮೇಲೆ ಕೈ ಊರಿ ಏಳುತ್ತಾರೆ. ಮೀನಖಂಡ ದಪ್ಪ ಕಾಣುತ್ತದೆ, ಆದರೆ ಬಲ ಇಲ್ಲ. ಮನೆಯಲ್ಲಿ ಏನಂತಾರೆ? 'ದೃಷ್ಟಿ ತಾಗ್ಯಾದ', 'ತಾಯಿ ಮಾಡಿದ ಕರ್ಮ'. ತಾಯಿ ಮೂಲೆಯಲ್ಲಿ ಕುಳಿತು ಅಳುತ್ತಾಳೆ.

ಫ್ರಾನ್ಸಿನ ವೈದ್ಯ ಡುಶೆನ್ 1860ರ ದಶಕದಲ್ಲಿ ಇಂಥ ಮಕ್ಕಳ ಸ್ನಾಯುವಿನ ಸಣ್ಣ ಚೂರನ್ನು ಒಂದು ವಿಶೇಷ ಸೂಜಿಯಿಂದ ತೆಗೆದ. ಸೂಕ್ಷ್ಮದರ್ಶಕದಲ್ಲಿ ನೋಡಿದ. ಎಳೆಗಳು ಹಾಳಾಗಿದ್ದವು. ಅವುಗಳ ಜಾಗದಲ್ಲಿ ಕೊಬ್ಬು ಮತ್ತು ನಾರು ತುಂಬಿತ್ತು. ಅದಕ್ಕೇ ಕಾಲು ದಪ್ಪ, ಬಲ ಇಲ್ಲ. ಇದು ಸ್ನಾಯುವಿನ ಕಾಯಿಲೆ. ಹುಟ್ಟಿನಿಂದ ಬಂದದ್ದು. ದೃಷ್ಟಿಯೂ ಅಲ್ಲ, ಶಾಪವೂ ಅಲ್ಲ, ತಾಯಿಯ ತಪ್ಪೂ ಅಲ್ಲ.

ಪೂರ್ತಿ ವಾಸಿ ಮಾಡುವ ಮದ್ದು ಇನ್ನೂ ಇಲ್ಲ. ಆದರೆ ಬೇಗ ತೋರಿಸಿದರೆ ಮದ್ದು ಮತ್ತು ವ್ಯಾಯಾಮದಿಂದ ಮಗು ಹೆಚ್ಚು ಕಾಲ ನಡೆಯಬಹುದು. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ. ಬೆಂಗಳೂರಿನಲ್ಲಿ 1974ರಲ್ಲಿ ಆರಂಭವಾದ ನಿಮ್ಹಾನ್ಸ್ ಆಸ್ಪತ್ರೆ ಇದೆ. ಅಲ್ಲಿ ರಕ್ತ ಪರೀಕ್ಷೆ ಮಾಡುತ್ತಾರೆ. ಬೇಕಾದರೆ ಸ್ನಾಯುವಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಹೋಗುವಾಗ ಒಂದು ಚೀಟಿ ಬರೆದುಕೊಂಡು ಹೋಗ್ರಿ. ಮಗು ಯಾವಾಗ ನಡೆಯಲು ಕಲಿಯಿತು? ಯಾವಾಗಿನಿಂದ ಬೀಳ್ತದ? ಮನೆತನದಲ್ಲಿ ಇನ್ಯಾರಿಗಾದರೂ ಹೀಗಿತ್ತೇ? ಕಂಡದ್ದನ್ನು ಕಂಡಂತೆ ನಮ್ಮ ಮಾತಿನಲ್ಲೇ ಬರೆದರೆ ಸಾಕು. ಲೀವನ್‌ಹುಕ್ ಮಾಡಿದ್ದೂ ಅಷ್ಟೇ. ಈಗ ನಮಗೂ ಅಕ್ಷರ ಬಂದಾವ.

ಓದಿ ಉತ್ತರಿಸಿ

1. ಲೀವನ್‌ಹುಕ್ ಯಾವ ಭಾಷೆಯಲ್ಲಿ ಪತ್ರ ಬರೆದ?
2. ಕೈ ಮಡಚಿದಾಗ ರಟ್ಟೆ ಉಬ್ಬುವುದು ಯಾಕೆ?
3. ಮಗು ಪದೇ ಪದೇ ಬೀಳುತ್ತಿದ್ದರೆ ಮೊದಲು ಎಲ್ಲಿಗೆ ಹೋಗಬೇಕು?

ಬರೆಯಿರಿ: ಸ್ನಾಯು, ಎಳೆ, ಪಟ್ಟೆ, ಮೀನಖಂಡ, ಸೂಕ್ಷ್ಮದರ್ಶಕ.