ಕಾರ್ಡ್ ಇದೆ, ಡಾಕ್ಟರ್ ಎಲ್ಲಿ?

ನಿಮ್ಮ ತಾಯಿಯವರ ಆರೋಗ್ಯ ಕಾರ್ಡಿನಲ್ಲಿ ದೋಷವಿಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಭರಿಸುವುದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದಾಗ. ಖಾಸಗಿ ಡಾಕ್ಟರ ಫೀಸು, ತಿಂಗಳ ಮಾತ್ರೆ ಅದರಲ್ಲಿಲ್ಲ. ವಯಸ್ಸಾದವರಿಗೆ ಪದೇ ಪದೇ ಬೇಕಾಗುವುದು ಇವೇ, ಯೋಜನೆ ಎಡವಿರುವುದೂ ಇಲ್ಲೇ. ತುರ್ತು ಸಂದರ್ಭ ಬಿಟ್ಟರೆ ಖಾಸಗಿಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯೂ ಬೇಕು.

ಎಪ್ಪತ್ತು ದಾಟಿದವರು ಆ ಚೀಟಿಗಾಗಿ ಮೈಸೂರಿನ ಸರ್ಕಾರಿ ಕೆ.ಆರ್. ಆಸ್ಪತ್ರೆಯ ಕ್ಯೂನಲ್ಲಿ ನಿಲ್ಲುವುದು ಹೇಗೆ ಎನ್ನುತ್ತೀರಿ, ಒಪ್ಪುವ ಮಾತೇ. ಆದರೆ ರೆಫರಲ್ಲನ್ನೇ ಕಿತ್ತುಹಾಕಿದರೆ ಸರ್ಕಾರಿ ಆಸ್ಪತ್ರೆಯಲ್ಲೇ ಆಗಬಹುದಾದ ಚಿಕಿತ್ಸೆಯ ಹಣವೂ ಖಾಸಗಿಗೆ ಹರಿಯುತ್ತದೆ. ಬಿಪಿ, ಶುಗರಿಗೆ ನಿಮ್ಮ ಬಡಾವಣೆಯ ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ಮಂಡಿ ಆಪರೇಷನ್ನಿನಂಥದಕ್ಕೆ ಮಾತ್ರ ಹಳೇ ಚೀಟಿ, ಎಕ್ಸ್‌ರೇ, ರೇಷನ್ ಕಾರ್ಡ್, ಆಧಾರ್ ಹಿಡಿದು ಕೆ.ಆರ್. ಆಸ್ಪತ್ರೆಗೆ ಹೋಗಿ, ಮೊದಲು ಯೋಜನೆಯ ನೆರವಿಗೆಂದೇ ಅಲ್ಲಿರುವ ಆರೋಗ್ಯಮಿತ್ರರನ್ನು ಕಾಣಿ.