ಒಬ್ಬಳೇ ಹೊರಬೇಡ, ಪುಟ್ಟಿ

ಪುಟ್ಟಿ,

ನಿನ್ನ ಪತ್ರ ತಲುಪಿತು. ರಾತ್ರಿ ನಿದ್ದೆ ಬರುವುದಿಲ್ಲ, ಜನರ ನಡುವೆ ಇದ್ದರೂ ಒಂಟಿ ಅನ್ನಿಸುತ್ತದೆ, ಪ್ರಾರ್ಥನೆಗೆ ಕೂತರೆ ಒಂದು ಮಾತೂ ಹೊರಡುವುದಿಲ್ಲ ಎಂದು ಬರೆದಿದ್ದೀಯೆ. ದೇವರನ್ನು ನಂಬಿದವಳಿಗೂ ಹೀಗಾಗಬಹುದೆ ಎಂದು ಕೇಳಿದ್ದೀಯೆ. ಆಗಬಹುದು ಮಗಳೇ. ನಂಬಿಕೆಯಲ್ಲೇ ಆಯುಸ್ಸು ಕಳೆದವರಿಗೂ ಆಗಿದೆ. ನಾನು ಬಹುಕಾಲದಿಂದ ಓದಿಕೊಂಡು ಬಂದಿರುವ ಯೆಹೂದಿ ಗುರುಗಳಾದ ರಬ್ಬಿಗಳಲ್ಲಿ ಇಬ್ಬರ ವಿಷಯ ನಿನಗೆ ಹೇಳಬೇಕು.

ತಾಲ್ಮುದ್ ಎಂಬ ಅವರ ಮಹಾಗ್ರಂಥದಲ್ಲಿ ರಬ್ಬಿ ಯೋಹಾನಾನ್ ಬರುತ್ತಾರೆ. ಮೂರನೆಯ ಶತಮಾನದಲ್ಲಿ ಗಲಿಲಾಯದ ತಿಬೇರಿಯದಲ್ಲಿದ್ದ ದೊಡ್ಡ ಪಂಡಿತರು; ಹತ್ತು ಗಂಡುಮಕ್ಕಳನ್ನು ಮಣ್ಣುಮಾಡಿದ ತಂದೆ. ಕಾಯಿಲೆ ಬಿದ್ದ ಶಿಷ್ಯನ ಬಳಿ ಹೋಗಿ, ಈ ನೋವು ನಿನಗೆ ಬೇಕೆ ಎಂದು ಕೇಳಿದರು. ನೋವೂ ಬೇಡ, ಅದರಿಂದ ಬರುವ ಪುಣ್ಯವೂ ಬೇಡ ಎಂದ ಅವನು. ಯೋಹಾನಾನ್ ಬೈಯಲಿಲ್ಲ, ಕೈ ಹಿಡಿದು ಎಬ್ಬಿಸಿದರು. ಮುಂದೆ ತಾವೇ ಹಾಸಿಗೆ ಹಿಡಿದಾಗ ರಬ್ಬಿ ಹನೀನಾ ಬಂದು ಅವರ ಕೈ ಹಿಡಿಯಬೇಕಾಯಿತು. ಬೇರೆಯವರನ್ನು ಎಬ್ಬಿಸಿದವರು ತಾವೇ ಏಕೆ ಏಳಲಿಲ್ಲ ಎಂದು ಗ್ರಂಥವೇ ಕೇಳಿಕೊಳ್ಳುತ್ತದೆ. ಸೆರೆಯಲ್ಲಿರುವವನು ತನ್ನನ್ನು ತಾನೇ ಬಿಡಿಸಿಕೊಳ್ಳಲಾರ ಎಂಬುದು ಅದರ ಉತ್ತರದ ಸಾರ.

ಇನ್ನೊಮ್ಮೆ ಅವರು ಕತ್ತಲ ಕೋಣೆಯಲ್ಲಿ ಅಳುತ್ತ ಮಲಗಿದ್ದ ರಬ್ಬಿ ಎಲಿಯಾಜರ್ ಬಳಿಗೆ ಹೋದರು. ಓದಿದ್ದು ಸಾಲದೆಂದು ಅಳುವೆಯಾ, ಬಡತನಕ್ಕಾಗಿಯೋ, ಮಕ್ಕಳಿಗಾಗಿಯೋ ಎಂದು ಒಂದೊಂದಾಗಿ ಕೇಳಿ ಸಮಾಧಾನ ಹೇಳಿದರು. ಒಂದೂ ತಾಗಲಿಲ್ಲ. ನಿಮ್ಮ ಈ ಚೆಲುವೂ ಮಣ್ಣು ಸೇರುತ್ತದಲ್ಲ, ಅದಕ್ಕೆ ಅಳುತ್ತಿದ್ದೇನೆ ಎಂದರು ಎಲಿಯಾಜರ್. ಅದಕ್ಕೆ ಅಳುವುದು ಸರಿಯೇ ಎಂದು ಯೋಹಾನಾನರೂ ಜೊತೆಗೆ ಅತ್ತರು. ಆಮೇಲೆ ಕೈ ಹಿಡಿದು ಎಬ್ಬಿಸಿದರು. ಹಿರಿಯರಾದ ನಾವು ಮಕ್ಕಳ ದುಃಖಕ್ಕೆ ನೌಕರಿ, ಮಾರ್ಕ್ಸು, ಮದುವೆ ಎಂದು ಕಾರಣ ಊಹಿಸಿ ಉಪದೇಶಕ್ಕೆ ಇಳಿಯುತ್ತೇವೆ. ಮೊದಲು ಪಕ್ಕದಲ್ಲಿ ಕೂತು ಅಳುವುದನ್ನು ಕಲಿಯಬೇಕು.

ಎರಡನೆಯವರು ಉಕ್ರೇನಿನ ಬ್ರೆಸ್ಲೋವಿನ ರಬ್ಬಿ ನಾಖ್ಮನ್. ಹುಟ್ಟಿದ್ದು 1772ರಲ್ಲಿ. ಎಳೆಯ ಮಗನನ್ನು, ಮರುವರ್ಷ ಹೆಂಡತಿಯನ್ನು ಕಳೆದುಕೊಂಡರು. ಕ್ಷಯ ತಗುಲಿ 1810ರಲ್ಲಿ, 38ನೆಯ ವಯಸ್ಸಿಗೇ, ಉಮಾನ್ ಎಂಬ ಊರಿನಲ್ಲಿ ತೀರಿಕೊಂಡರು. ಮನಸ್ಸು ಕುಸಿಯುವುದೆಂದರೆ ಏನೆಂದು ಅನುಭವದಿಂದ ಬಲ್ಲವರು. ದಿನಕ್ಕೊಂದು ಗಂಟೆ ಒಬ್ಬರೇ ಹೊಲದ ಕಡೆಗೋ ಕಾಡಿನ ಕಡೆಗೋ ಹೋಗಿ, ಸ್ನೇಹಿತನಿಗೆ ಹೇಳುವಂತೆ ಮನೆಮಾತಿನಲ್ಲೇ ದೇವರಿಗೆ ಎಲ್ಲವನ್ನೂ ಹೇಳಿಕೊಳ್ಳಿ ಎನ್ನುತ್ತಿದ್ದರು. ಮಾತು ಬಾರದಿದ್ದರೆ, ಬರುತ್ತಿಲ್ಲ ಎಂಬುದನ್ನೇ ಹೇಳಿಕೊಂಡರೆ ಸಾಕು, ಅದೂ ಪ್ರಾರ್ಥನೆಯೇ. ನಿನ್ನ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಯಾತಕ್ಕೂ ಬಾರದವಳು ನಾನು ಅನ್ನಿಸಿದಾಗ ನಿನ್ನಲ್ಲಿರುವ ಒಂದು ಒಳ್ಳೆಯದನ್ನು, ಅದೆಷ್ಟು ಸಣ್ಣದಾದರೂ ಸರಿ, ಹುಡುಕಿ ಹಿಡಿದುಕೋ, ಆಮೇಲೆ ಇನ್ನೊಂದನ್ನು. ಇದೂ ಅವರದೇ ಬೋಧೆ.

ದೇವರನ್ನು ನಂಬಿದವರು ವೈದ್ಯರ ಬಳಿ ಹೋಗಬಾರದು ಎಂದುಕೊಳ್ಳಬೇಡ. ಯೆಹೂದಿಗಳಿಗೆ ವಾರದ ವಿಶ್ರಾಂತಿ ದಿನವಾದ ಸಬ್ಬತ್ ಬಹಳ ಪವಿತ್ರ. ಆದರೂ ಪ್ರಾಣ ಉಳಿಸಲು ಅದರ ಕಟ್ಟಳೆಗಳನ್ನು ಮುರಿಯಲೇಬೇಕು ಎನ್ನುತ್ತದೆ ಅವರ ಧರ್ಮ. ಮನಸ್ಸಿನ ತೀವ್ರ ಕಾಯಿಲೆಯೂ ಪ್ರಾಣಾಪಾಯವೇ ಎಂದು ಇಂದಿನ ಅನೇಕ ರಬ್ಬಿಗಳು ಒಪ್ಪುತ್ತಾರೆ. ಜೀವ ಕಾಯುವುದು ಅಲ್ಲಿ ಪೂಜೆಗಿಂತ ಮೊದಲು.

ನೋವಿಗೆ ಅರ್ಥವೇನು ಎಂದು ಒಬ್ಬಳೇ ಕೂತು ಹುಡುಕುತ್ತಾ ಸೋಲಬೇಡ. ಒಬ್ಬರ ಕೈ ಇನ್ನೊಬ್ಬರು ಹಿಡಿದಾಗ ಆ ಅರ್ಥ ತಾನಾಗಿ ಕಾಣತೊಡಗುತ್ತದೆ ಎಂಬುದು ಆ ಗುರುಗಳಿಂದ ನಾನು ಕಲಿತದ್ದು. ಅದಕ್ಕೇ ಹೇಳುತ್ತೇನೆ: ಈ ವಾರವೇ ಒಬ್ಬ ಮನೋವೈದ್ಯರನ್ನು ಕಾಣು. ರಾತ್ರಿ ಹೊತ್ತು ತೀರಾ ಸಂಕಟವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡು; ಕನ್ನಡದಲ್ಲೇ ಮಾತಾಡಬಹುದು. ನನಗೂ ಯಾವ ಹೊತ್ತಿನಲ್ಲಾದರೂ ಮಾಡು. ಉಪದೇಶ ಹೇಳುವುದಿಲ್ಲ, ನೀನು ಹೇಳಿದ್ದನ್ನು ಕೇಳಿಸಿಕೊಳ್ಳುತ್ತೇನೆ.

ಇಂತಿ ನಿನ್ನ ಪ್ರೀತಿಯ
ಅಜ್ಜ