ಸ್ಕೂಟರಿನ ಬ್ಯಾಟರಿಗೆ ವಿದ್ಯುತ್ತು ಏಕೆ ತುಂಬುವುದಿಲ್ಲ?

ಕಲಾವಿಭಾಗದ ವಿದ್ಯಾರ್ಥಿಗೆ ಯಂತ್ರಗಳ ವಿಷಯವಾಗಿ ಬರೆಯುವ ಅಧಿಕಾರವುಂಟೆ ಎಂದು ವಾಚಕರು ಕೇಳಬಹುದು. ಅಧಿಕಾರವಿಲ್ಲ; ಅನುಭವ ಮಾತ್ರ ಉಂಟು. ಆ ಅನುಭವಕ್ಕಾಗಿ ನಮ್ಮ ಮನೆಯವರು ಸಾಕಷ್ಟು ಬೆಲೆ ತೆತ್ತಿರುವುದರಿಂದ, ಇತರರಾದರೂ ಅದನ್ನು ಬಿಟ್ಟಿಯಾಗಿ ಪಡೆಯಲೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ವಿದುರಾಶ್ವತ್ಥದ ದೇವಾಲಯದ ಬಳಿ ನಮ್ಮ ತಂದೆಯವರದೊಂದು ಹಣ್ಣು-ಕಾಯಿಯ ಅಂಗಡಿಯಿದೆ. ನಾಗಪ್ರತಿಷ್ಠೆಗೆಂದು ಬರುವ ಭಕ್ತರಿಗೆ ಬೆಳಗಾಗುವ ಹೊತ್ತಿಗೆ ಹೂವು ಒದಗಬೇಕು. ಆದುದರಿಂದ ತಂದೆಯವರು ಕತ್ತಲಿರುವಾಗಲೇ ಸ್ಕೂಟರಿನಲ್ಲಿ ಗೌರಿಬಿದನೂರಿಗೆ ಹೋಗಿಬರುತ್ತಾರೆ. ಕಳೆದ ವರ್ಷ ಎಂಟು ತಿಂಗಳ ಅವಧಿಯಲ್ಲಿ ಎರಡು ಹೊಸ ಬ್ಯಾಟರಿಗಳು ಸತ್ತವು. ಸೆಲ್ಫ್ ಸ್ಟಾರ್ಟ್ ತಿರುಗದು, ಹಾರನ್ನು ಕೆಮ್ಮುವುದು, ದೀಪ ಮಂಕಾಗುವುದು. ಹೊಸ ಬ್ಯಾಟರಿ ಹಾಕಿದರೆ ಕೆಲವು ದಿನ ಎಲ್ಲವೂ ಸರಿ, ಮತ್ತೆ ಅದೇ ಕಥೆ. ಒಂದು ಮುಂಜಾನೆ ಆ ಮಂಕು ಬೆಳಕಿನಲ್ಲಿ ರಸ್ತೆಯ ಮೇಲೆ ಸುರಿದಿದ್ದ ಜಲ್ಲಿಯ ರಾಶಿ ಕಾಣದೆ ತಂದೆಯವರು ಬಿದ್ದರು. ಮೊಣಕಾಲಿಗೆ ಪೆಟ್ಟಾಯಿತು, ಹೂವೆಲ್ಲ ಮಣ್ಣುಪಾಲಾಯಿತು. "ಇನ್ನೊಂದು ಬ್ಯಾಟರಿ ಹಾಕಿಸೋಣವೇನಪ್ಪ?" ಎಂದು ಅವರು ಕೇಳಿದಾಗ, "ಸ್ವಲ್ಪ ತಡೆಯಿರಿ ಅಪ್ಪ, ಕಾರಣ ನೋಡೋಣ" ಎಂದೆ. ಮರುದಿನ ಒಂದು ಅಗ್ಗದ ಮಲ್ಟಿಮೀಟರನ್ನು ಕೊಂಡುತಂದೆ.

ಪರೀಕ್ಷೆಗೆ ತೊಡಗುವ ಮೊದಲು ವ್ಯವಸ್ಥೆಯನ್ನು ತಿಳಿಯಬೇಕು. ಬಯಲುಸೀಮೆಯವರಾದ ನಮಗೆ ಕೆರೆಯ ಉದಾಹರಣೆಗಿಂತ ಸುಲಭವಾದುದು ಬೇರೊಂದಿಲ್ಲ. ಬ್ಯಾಟರಿಯು ಕೆರೆ, ಅದು ನೀರನ್ನು ಹಿಡಿದಿಡುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಹುಟ್ಟಿಸುವುದು ಎಂಜಿನಿನೊಡನೆ ತಿರುಗುವ ಮ್ಯಾಗ್ನೆಟ್ಟು. ಅಯಸ್ಕಾಂತವು ತಂತಿಯ ಸುರುಳಿಯ ಬಳಿ ಚಲಿಸಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದೆಂದು ಮೈಕೇಲ್ ಫ್ಯಾರಡೆಯು 1831ರಲ್ಲಿ ತೋರಿಸಿಕೊಟ್ಟ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ಹೀಗೆ ಹುಟ್ಟಿದುದು ಹಿಂದೆ ಮುಂದೆ ಹರಿಯುವ ಎ.ಸಿ. ವಿದ್ಯುತ್ತು. ಅದನ್ನು ಒಂದೇ ದಿಕ್ಕಿಗೆ ಹರಿಸುವ ಕೆಲಸವೂ, ಹೆಚ್ಚಾದುದನ್ನು ತಡೆಯುವ ಕೆಲಸವೂ ರೆಗ್ಯುಲೇಟರಿನದು. ಕೆರೆಯ ಕೋಡಿಯಂತೆ ಅದು ಮಿತಿಮೀರಗೊಡುವುದಿಲ್ಲ. ತಂತಿಗಳೇ ಕಾಲುವೆಗಳು, ದೀಪ, ಹಾರನ್ನುಗಳು ತೂಬಿನ ಕೆಳಗಿನ ಗದ್ದೆಗಳು. ಕೆರೆ ಬತ್ತಿದರೆ ಕೆರೆಯನ್ನೇ ಹೊಸದಾಗಿ ಕಟ್ಟಿಸುವ ಬುದ್ಧಿವಂತನುಂಟೆ? ಕಾಲುವೆಯಲ್ಲಿ ಹೂಳು ತುಂಬಿದೆಯೋ ಎಂದು ಮೊದಲು ನೋಡುತ್ತೇವೆ. ನಾವು ಸ್ಕೂಟರಿನ ವಿಷಯದಲ್ಲಿ ಮಾತ್ರ ಎರಡು ಸಲ ಕೆರೆ ಕಟ್ಟಿಸಿದ್ದೆವು!

ಹಳೆಯ ಅನೇಕ ಸ್ಕೂಟರುಗಳಿಗೆ ಬ್ಯಾಟರಿಯೇ ಇರಲಿಲ್ಲ. ಎಂಜಿನು ನಿಂತರೆ ದೀಪವೂ ಆರುತ್ತಿತ್ತು. ಈಗಿನವುಗಳ ಸ್ಥಿತಿ ಬೇರೆ. 2017ರ ಏಪ್ರಿಲಿನಿಂದ ಬಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನು ನಡೆಯುವಷ್ಟು ಹೊತ್ತೂ ಮುಂದಿನ ದೀಪ ಉರಿಯುತ್ತಲೇ ಇರುತ್ತದೆ. 35 ವಾಟಿನ ಬಲ್ಬೊಂದೇ 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಎಳೆಯುತ್ತದೆ. ಆದಾಯ ತುಸು ಕುಗ್ಗಿದರೂ ಇಂತಹ ಖರ್ಚನ್ನು ಪುಟ್ಟ ಬ್ಯಾಟರಿ ಬಹಳ ಕಾಲ ತಾಳಲಾರದು.

ಇನ್ನು ಪರೀಕ್ಷೆಯ ಕ್ರಮ.

ಮೊದಲನೆಯದು, ಬ್ಯಾಟರಿ. ಅದನ್ನು ಹೊರಗೆ ಪೂರ್ಣವಾಗಿ ಚಾರ್ಜು ಮಾಡಿಸಿ, ಕೆಲವು ಗಂಟೆ ಬಿಟ್ಟು ಅಳೆಯಬೇಕು. 12.6 ವೋಲ್ಟಿನಷ್ಟಿದ್ದರೆ ಒಳ್ಳೆಯದು. ಸೆಲ್ಫ್ ಒತ್ತಿದಾಗ 10ಕ್ಕಿಂತ ಬಹಳ ಕೆಳಕ್ಕೆ ಕುಸಿದರೆ ಬ್ಯಾಟರಿಯೇ ಸೋತಿದೆಯೆಂದು ತಿಳಿಯಬೇಕು.

ಎರಡನೆಯದು, ಎಂಜಿನು ನಡೆಯುತ್ತಿರುವಾಗಿನ ಅಳತೆ. ಆಕ್ಸಿಲರೇಟರನ್ನು ಸ್ವಲ್ಪ ಏರಿಸಿದರೆ ಬ್ಯಾಟರಿಯ ತುದಿಗಳಲ್ಲಿ ಸುಮಾರು 13.5ರಿಂದ 14.8 ವೋಲ್ಟು ಕಾಣಬೇಕು. ಏರದಿದ್ದರೆ ವಿದ್ಯುತ್ತು ಬರುತ್ತಿಲ್ಲ. 15ನ್ನು ದಾಟಿದರೆ ರೆಗ್ಯುಲೇಟರು ಕೆಟ್ಟಿದೆ; ಬ್ಯಾಟರಿ ಕಾದು, ಬಲ್ಬುಗಳು ಸುಡುತ್ತವೆ.

ಮೂರನೆಯದು, ಕಾಲುವೆ. ಎಂಜಿನು ನಡೆಯುತ್ತಿರುವಾಗಲೇ ರೆಗ್ಯುಲೇಟರಿನಿಂದ ಹೊರಡುವ ತಂತಿಯಲ್ಲಿಯೂ ಬ್ಯಾಟರಿಯಲ್ಲಿಯೂ ಅಳೆದು ಹೋಲಿಸಬೇಕು. ವ್ಯತ್ಯಾಸ ಅತ್ಯಲ್ಪವಾಗಿರಬೇಕು. ಬ್ಯಾಟರಿಯ ಋಣ ತುದಿಗೂ ಎಂಜಿನಿನ ಲೋಹಕ್ಕೂ ನಡುವೆಯೂ ಹೀಗೆಯೇ ನೋಡಬೇಕು. ಅರ್ತ್ ತಂತಿಯ ಬೋಲ್ಟು ತುಕ್ಕು ಹಿಡಿದಿದ್ದರೆ ಇಲ್ಲಿ ಗೊತ್ತಾಗುತ್ತದೆ. ಫ್ಯೂಸನ್ನು ಕಣ್ಣಿನಿಂದ ಮಾತ್ರವಲ್ಲದೆ ಮೀಟರಿನಿಂದಲೂ ಪರೀಕ್ಷಿಸಬೇಕು.

ನಾಲ್ಕನೆಯದು, ಮ್ಯಾಗ್ನೆಟ್ಟು. ಎಂಜಿನನ್ನು ನಿಲ್ಲಿಸಿ ಅದರ ಕಪ್ಲರನ್ನು ಬಿಚ್ಚಿ, ಮತ್ತೆ ನಡೆಸಿ, ಎ.ಸಿ. ವೋಲ್ಟನ್ನು ಅಳೆಯಬೇಕು. ವೇಗದೊಡನೆ ಅದು ಸಮನಾಗಿ ಏರದಿದ್ದರೆ ಸುರುಳಿ ಸುಟ್ಟಿರಬಹುದು.

ಐದನೆಯದು, ಸೋರಿಕೆ. ಎಲ್ಲವನ್ನೂ ಆರಿಸಿದ ಮೇಲೂ ಎಲ್ಲಿಯಾದರೂ ವಿದ್ಯುತ್ತು ಹರಿಯುತ್ತಿದ್ದರೆ ಕೆರೆಯ ಏರಿ ಸೋರಿದಂತೆ. 50 ಮಿಲಿಆಂಪಿಯರ್ ಸೋರಿಕೆಯಿದ್ದರೂ 5 ಆಂಪಿಯರ್-ಗಂಟೆಯ ಬ್ಯಾಟರಿ ನೂರು ಗಂಟೆಗಳಲ್ಲಿ, ಎಂದರೆ ನಾಲ್ಕು ದಿನಗಳಲ್ಲಿ, ಬರಿದಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಎಂಜಿನು ನಡೆಯುತ್ತಿರುವಾಗ ಬ್ಯಾಟರಿಯ ತಂತಿಯನ್ನು ಎಂದಿಗೂ ಕೀಳಬಾರದು. ವೋಲ್ಟು ಥಟ್ಟನೆ ಏರಿ ಸೂಕ್ಷ್ಮ ಭಾಗಗಳು ಸುಟ್ಟುಹೋಗಬಹುದು. ಬಿಚ್ಚುವಾಗ ಋಣ ತುದಿಯನ್ನು ಮೊದಲು, ಜೋಡಿಸುವಾಗ ಕೊನೆಗೆ.

ನಮ್ಮ ಸ್ಕೂಟರು ಮೂರನೆಯ ಹಂತದಲ್ಲಿ ತನ್ನ ಗುಟ್ಟನ್ನು ಬಿಟ್ಟುಕೊಟ್ಟಿತು. ರೆಗ್ಯುಲೇಟರಿನ ಬಳಿ 14.3 ವೋಲ್ಟು, ಬ್ಯಾಟರಿಯಲ್ಲಿ 12.3. ನಡುವೆ 2 ವೋಲ್ಟು ಮಾಯ! ತಂತಿಯನ್ನು ಬೆರಳಿನಿಂದ ಹಿಡಿದು ಹೋದಾಗ ಒಂದು ಕಪ್ಲರು ಬಿಸಿಯಾಗಿತ್ತು. ಬಿಚ್ಚಿ ನೋಡಿದರೆ ಒಂದು ಪಿನ್ನು ಹಸಿರುಗಟ್ಟಿ, ಸುತ್ತಲಿನ ಪ್ಲಾಸ್ಟಿಕ್ಕು ಕಂದಾಗಿತ್ತು. ನೀರು ಸೇರಿ ಪಿನ್ನು ಕಿಲುಬು ಹಿಡಿದಿತ್ತು. ಕಿಲುಬಿನಿಂದ ತಡೆ ಹೆಚ್ಚಿತು. ತಡೆಯಿಂದ ಶಾಖ, ಶಾಖದಿಂದ ಪಿನ್ನು ಸಡಿಲ, ಸಡಿಲದಿಂದ ಮತ್ತಷ್ಟು ತಡೆ. 3 ಆಂಪಿಯರ್ ಹರಿಯುವಲ್ಲಿ 2 ವೋಲ್ಟು ನಷ್ಟವಾದರೆ 6 ವಾಟಿನಷ್ಟು ಶಕ್ತಿ ಆ ಪುಟ್ಟ ಪಿನ್ನಿನಲ್ಲೇ ಬಿಸಿಯಾಗಿ ಹೋಗುತ್ತದೆ. ಬ್ಯಾಟರಿಗೆ ಸೇರಬೇಕಾದುದು ಕಾಲುವೆಯಲ್ಲಿಯೇ ಇಂಗಿಹೋಗುತ್ತಿತ್ತು.

ಹೊಸ ಪಿನ್ನಿಗೆ ತಗುಲಿದ ವೆಚ್ಚ ಎರಡು ಲೋಟ ಕಾಫಿಯಷ್ಟು. ಅದನ್ನು ಹಾಕಿದ ಮೇಲೆ ಬ್ಯಾಟರಿಯಲ್ಲಿ 14.1 ವೋಲ್ಟು ಕಂಡಿತು. ಆದರೆ ಎರಡನೆಯ ಬ್ಯಾಟರಿ ಉಳಿಯಲಿಲ್ಲ. ಬಹುಕಾಲ ಅರೆಹೊಟ್ಟೆಯಲ್ಲಿದ್ದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂತು, ಅದು ಮತ್ತೆ ತುಂಬಿಕೊಳ್ಳಲಾರದಾಗುತ್ತದೆ. ಮೊದಲೇ ಕಾರಣ ಹುಡುಕಿದ್ದರೆ ಮೊದಲನೆಯದೇ ಇನ್ನೂ ಬಾಳುತ್ತಿತ್ತೋ ಏನೋ; ಅದನ್ನು ಹಳೆಯದೆಂದು ಬದಲಿಗೆ ಕೊಟ್ಟಾಗಿತ್ತು.

ಈ ತಪ್ಪನ್ನು ನಾನು ಯಾವ ಮೆಕ್ಯಾನಿಕ್ಕಿನ ಮೇಲೂ ಹೊರಿಸುವುದಿಲ್ಲ. ಬ್ಯಾಟರಿ ಬದಲಾಯಿಸಿರೆಂದು ಕೇಳಿದವರು ನಾವೇ; ಏಕೆ ಸತ್ತಿತೆಂದು ಕೇಳಲಿಲ್ಲ. ಹಳ್ಳಿಗಳಿಂದ ಸ್ಕೂಟರಿನಲ್ಲಿ ಕಾಲೇಜಿಗೆ ಬರುವ ಮಿತ್ರರು ನಮ್ಮಲ್ಲಿ ಅನೇಕರಿದ್ದಾರೆ. ನಾಲ್ಕೈದು ಮಂದಿ ಸೇರಿ ಒಂದು ಮೀಟರನ್ನು ಕೊಂಡಿಟ್ಟುಕೊಳ್ಳಲಿ. ತಿಂಗಳಿಗೊಮ್ಮೆ, ಎಂಜಿನು ನಿಂತಾಗೊಂದು ನಡೆವಾಗೊಂದು, ಎರಡು ಅಳತೆಗಳನ್ನು ತೆಗೆದು ನೋಟುಬುಕ್ಕಿನಲ್ಲಿ ಬರೆದಿಡಲಿ. ಅಂಕಿ ಇಳಿಯತೊಡಗಿದ ದಿನವೇ ತಂತಿಯನ್ನು ಹಿಡಿದು ಹೊರಡಲಿ. ಕತ್ತಲೆಯ ರಸ್ತೆಯಲ್ಲಿ ಮನೆಯ ಹಿರಿಯರ ಮುಂದಿರುವ ಬೆಳಕು ಆ ತಂತಿಯನ್ನೇ ನಂಬಿದೆ.